ಹೊಸ ವರ್ಷನ್ ಬುಕ್‌ಶೆಲ್ಫ್ ಸ್ಪೀಕರ್ ತಗೋಬೇಕಾ? ಮೊದಲು ಟೇಪ್ ಹಿಡಿದು ಕೋಣೆ ಅಳೆಯಿರಿ

ಮನೆಯಲ್ಲಿ ಒಂದು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಇದೆ ಅಂದುಕೊಳ್ಳಿ, ಅಂದರೆ ಸ್ಟ್ಯಾಂಡ್ ಅಥವಾ ಮೇಜಿನ ಮೇಲೆ ಇಡುವ ಚಿಕ್ಕ ಡಬ್ಬದವು. ಅಷ್ಟರಲ್ಲಿ ಅದೇ ಕಂಪನಿ ಹಳೇ ಹೆಸರಿಗೆ ಒಂದು ಬಾಲ ಅಂಟಿಸಿ ಹೊಸದನ್ನು ಬಿಡುತ್ತದೆ. ಮೆಟಾ, ಎಕ್ಸ್‌ಡಿ, ಸಿಗ್ನೇಚರ್, ಡಿ4, 20ಐ. ವಿಮರ್ಶೆ ಬರೆಯುವವರೆಲ್ಲ ಹಾಡಿ ಹೊಗಳುತ್ತಾರೆ. ಇರುವುದನ್ನು ಮಾರಿ ಹೊಸದನ್ನು ತಂದರೆ ಹೇಗೆ ಅಂತ ತಲೆಗೆ ಹುಳ ಬಿಟ್ಟುಕೊಂಡು ಕೂರುತ್ತೇವೆ, ಅಲ್ವಾ?

ಈ ಅಪ್‌ಗ್ರೇಡ್‌ಗಳಲ್ಲಿ ಕೆಲವು ಕಿವಿಗೆ ಗೊತ್ತಾಗುವಂಥವು, ಕೆಲವು ಕಣ್ಣಿಗೆ ಮಾತ್ರ ಗೊತ್ತಾಗುವಂಥವು. ಅದನ್ನು ಬಿಡಿಸಿ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ಒಂದು ಮಾತು. ಯಾವ ಸ್ಪೀಕರ್ ನಿಮಗೆ ಸರಿ ಅನ್ನುವುದನ್ನು ಅರ್ಧಕ್ಕರ್ಧ ನಿಮ್ಮ ಕೋಣೆಯೇ ತೀರ್ಮಾನ ಮಾಡಿರುತ್ತದೆ. 10 ಅಡಿ ಅಗಲ, 12 ಅಡಿ ಉದ್ದದ ರೂಮಿನಲ್ಲಿ ಎಷ್ಟೋ ಸಲ ಚಿಕ್ಕದು, ಕಡಿಮೆ ದುಡ್ಡಿನದು, ದೊಡ್ಡದನ್ನು ಸೋಲಿಸಿಬಿಡುತ್ತದೆ. ನನ್ನ ಆಯ್ಕೆಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ, ಹಾಗಾಗಿ ಅದರಿಂದಲೇ ಶುರು ಮಾಡೋಣ.

ಕೋಣೆಯ ಲೆಕ್ಕ

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವಿನ ದೂರವನ್ನು ಮೀಟರಿನಲ್ಲಿ ಅಳೆಯಿರಿ, ಎರಡರಿಂದ ಗುಣಿಸಿ, ಬಂದದ್ದರಿಂದ 343ನ್ನು ಭಾಗಿಸಿ. ಸಿಕ್ಕ ಸಂಖ್ಯೆ ಎಷ್ಟು ಹರ್ಟ್ಸೋ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ, ಕಡಿಮೆ ಇದ್ದಷ್ಟು ಸ್ವರ ತಗ್ಗು), ಅಷ್ಟು ಹರ್ಟ್ಸಿನ ಸ್ವರ ಆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಗುಂಯ್ ಅನ್ನುತ್ತಲೇ ಇರುತ್ತದೆ. 12 ಅಡಿಗೆ ಅದು 47 ಹರ್ಟ್ಸ್. 10 ಅಡಿಗೆ 56. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಮ್ಮ ಮನೆಗಳ ಚಾವಣಿಯೂ ಹೆಚ್ಚುಕಮ್ಮಿ 10 ಅಡಿ ಎತ್ತರದಲ್ಲೇ ಇರುತ್ತದೆ. ಅಂದರೆ ಅಗಲದ 56 ಮತ್ತು ಎತ್ತರದ 56 ಒಂದರ ಮೇಲೊಂದು ಕೂರುತ್ತವೆ. ತಬಲಾದ ಡಗ್ಗ, ಮೃದಂಗದ ಎಡಭಾಗ, ಸಿನಿಮಾ ಹಾಡಿನ ಬೇಸ್ ಗಿಟಾರ್, ಯಾವುದೇ ಆ ಜಾಗಕ್ಕೆ ಬಂದರೂ ಬೇರೆ ಸ್ವರಗಳಿಗಿಂತ ಎರಡು ಪಟ್ಟು ಊದಿಕೊಂಡು ಕೇಳಿಸುತ್ತದೆ.

ಇದಕ್ಕೆ ನಮ್ಮ ಗೋಡೆಗಳೂ ಸಹಾಯ ಮಾಡುವುದಿಲ್ಲ. ಅಮೆರಿಕದಲ್ಲಿರುವ ನಮ್ಮವರ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು ಕಟ್ಟಿದವು. ಆ ಗೋಡೆ ತಾನೇ ಸ್ವಲ್ಪ ಅಲುಗಾಡಿ ಬೇಸನ್ನು, ಅಂದರೆ ತಗ್ಗಿನ ಸ್ವರಗಳನ್ನು, ನುಂಗಿಕೊಳ್ಳುತ್ತದೆ, ಸ್ವಲ್ಪವನ್ನು ಪಕ್ಕದ ರೂಮಿಗೆ ಬಿಟ್ಟುಕೊಡುತ್ತದೆ. ಇಲ್ಲಿ ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ ಸಿಮೆಂಟ್ ಗಾರೆ, ಕೆಳಗೆ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್. ಬೇಸ್ ಎಲ್ಲಿಗೂ ಹೋಗುವುದಿಲ್ಲ. ಪರದೆ, ಜಮಖಾನ ಹಾಕಿದರೆ ಮೇಲಿನ ಸ್ವರಗಳ ಚುರುಕು ತಗ್ಗುತ್ತದೆ, ಅದು ಒಳ್ಳೆಯದೇ, ಆದರೆ 56 ಹರ್ಟ್ಸಿಗೆ ಜಮಖಾನ ಯಾವ ಲೆಕ್ಕ? ಹಾಗಾಗಿ ಅಲ್ಲಿಯ ವಿಮರ್ಶಕರು ‘ಬೇಸ್ ಸ್ವಲ್ಪ ತೆಳು’ ಅಂತ ಬರೆದ ಸ್ಪೀಕರ್ ನಮ್ಮ ರೂಮಿನಲ್ಲಿ ಸರಿಯಾಗಿ ತುಂಬಿಕೊಂಡು ಕೇಳಿಸುವುದು, ‘ಬೇಸ್ ಅದ್ಭುತ’ ಅಂತ ಬರೆದದ್ದು ಇಲ್ಲಿ ತಲೆನೋವು ತರುವುದು ಆಶ್ಚರ್ಯವೇನಲ್ಲ.

ಈಗ ಈ ಸಂಖ್ಯೆಗಳನ್ನು ಸ್ಪೀಕರ್ ಪಕ್ಕದಲ್ಲಿಟ್ಟು ನೋಡಿ. ಕೆಫ್ ಕಂಪನಿಯ ಎಲ್‌ಎಸ್50 ಮೆಟಾ ಅವರದೇ ಲೆಕ್ಕದಲ್ಲಿ 79 ಹರ್ಟ್ಸ್‌ವರೆಗೆ ಸಮವಾಗಿ ಇಳಿಯುತ್ತದೆ, ಅಲ್ಲಿಂದ ಕೆಳಗೆ ಜಾರುತ್ತದೆ. ಅದೇ ಕಂಪನಿಯ ಆರ್3 ಮೆಟಾ 58ಕ್ಕೆ ಇಳಿಯುತ್ತದೆ. ಹಾರ್ಬೆತ್ ಕಾಂಪ್ಯಾಕ್ಟ್ 7 ಸುಮಾರು 45. ಬವರ್ಸ್ ಅಂಡ್ ವಿಲ್ಕಿನ್ಸ್ 805 ಡಿ4 ಸುಮಾರು 42. ಡೈನಾಡಿಯೊ ಕಾಂಟೂರ್ 20ಐ 39. ಕಾಗದದ ಮೇಲೆ ಕೊನೆಯದೇ ಗೆದ್ದಿತು ಅನ್ನಿಸುತ್ತದೆ. ಆದರೆ 10x12ರ ರೂಮಿನಲ್ಲಿ 47 ಮತ್ತು 56 ಹರ್ಟ್ಸಿಗೆ ಪೂರ್ತಿ ಬಲ ಹಾಕುವ ಸ್ಪೀಕರ್ ಇಟ್ಟರೆ ಕೋಣೆ ಅದನ್ನು ಇನ್ನಷ್ಟು ಎತ್ತಿ ಹಿಡಿಯುತ್ತದೆ. ಎಲ್‌ಎಸ್50 ಎಲ್ಲಿ ಕೈ ಬಿಡುತ್ತದೋ ಅಲ್ಲಿಂದ ಕೋಣೆ ಕೈ ಹಿಡಿಯುತ್ತದೆ. ಒಟ್ಟಿನಲ್ಲಿ ಕಿವಿಗೆ ಸಮ.

12x16ರ ಹಾಲ್ ಆದರೆ ಕಥೆ ಬೇರೆ. 16 ಅಡಿಗೆ 35, 12ಕ್ಕೆ 47, ಎತ್ತರಕ್ಕೆ 56. ಮೂರೂ ಬೇರೆ ಬೇರೆ ಜಾಗದಲ್ಲಿ ಹಂಚಿಕೊಂಡಿವೆ, ಯಾವುದೂ ಇನ್ನೊಂದರ ಮೇಲೆ ಹತ್ತಿ ಕೂತಿಲ್ಲ. ಹಾಲ್ ಒಂದು ಕಡೆ ಊಟದ ಮನೆಗೆ ತೆರೆದುಕೊಂಡಿದ್ದರೆ ಇನ್ನೂ ಒಳ್ಳೆಯದು. ಇಲ್ಲಿ ಚಿಕ್ಕ ಸ್ಪೀಕರ್ ನಿಜಕ್ಕೂ ಉಸಿರು ಕಟ್ಟುತ್ತದೆ, ದೊಡ್ಡದಕ್ಕೆ ದುಡ್ಡು ಹಾಕಿದ್ದಕ್ಕೂ ಸಾರ್ಥಕ.

ಕೆಫ್: ಎಲ್‌ಎಸ್50 ಮೆಟಾ, ಆರ್3 ಮೆಟಾ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೇಡ್‌ಸ್ಟೋನ್‌ನಲ್ಲಿ 1961ರಲ್ಲಿ ರೇಮಂಡ್ ಕುಕ್ ಶುರು ಮಾಡಿದ ಕಂಪನಿ ಇದು. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಇಟ್ಟುಕೊಳ್ಳಲು 1970ರ ದಶಕದಲ್ಲಿ ಮಾಡಿಸಿದ ಪುಟ್ಟ ಎಲ್‌ಎಸ್3/5ಎ ಸ್ಪೀಕರಿಗೆ ಡ್ರೈವರ್ (ಒಳಗೆ ಶಬ್ದ ಹುಟ್ಟಿಸುವ ಭಾಗ) ಕೊಟ್ಟದ್ದೂ ಇವರೇ. ಕಂಪನಿಗೆ 50 ತುಂಬಿದ ನೆನಪಿಗೆ 2012ರಲ್ಲಿ ಎಲ್‌ಎಸ್50 ಬಂತು. 2020ರಲ್ಲಿ ಅದಕ್ಕೆ ಮೆಟಾ ಸೇರಿತು.

ಮೆಟಾ ಅಂದರೆ ಏನು ಬದಲಾಯಿತು? ಟ್ವೀಟರಿನ (ಮೇಲಿನ ಸ್ವರಗಳನ್ನು ಹಾಡುವ ಪುಟ್ಟ ಡ್ರೈವರಿನ) ಗುಮ್ಮಟ ಮುಂದಕ್ಕೆ ಎಷ್ಟು ಶಬ್ದ ಕೊಡುತ್ತದೋ ಹಿಂದಕ್ಕೂ ಅಷ್ಟೇ ಕೊಡುತ್ತದೆ. ಆ ಹಿಂದಿನ ಶಬ್ದ ತಟ್ಟಿ ವಾಪಸ್ ಬಂದು ಗುಮ್ಮಟದ ಮೂಲಕವೇ ಹೊರಗೆ ಸೋರುತ್ತದೆ. ಇದನ್ನು ತಡೆಯಲು ಸಾಮಾನ್ಯವಾಗಿ ಹತ್ತಿಯಂಥ ಏನಾದರೂ ತುಂಬುತ್ತಾರೆ. ಕೆಫ್‌ನವರು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಬಿಲ್ಲೆ ಮಾಡಿದರು. ಅದರೊಳಗೆ ಚಕ್ರವ್ಯೂಹದ ಹಾಗೆ ಸುತ್ತಿಕೊಂಡ 30 ಕೊಳವೆಗಳು, ಒಂದೊಂದೂ ಒಂದೊಂದು ಉದ್ದ, ಒಂದೊಂದು ಒಂದು ಪಟ್ಟಿಯ ಸ್ವರವನ್ನು ನುಂಗಲಿಕ್ಕೆ. ಎಲ್ಲಾ ಸೇರಿ ಹಿಂದಿನ ಶಬ್ದದಲ್ಲಿ 99 ಪರ್ಸೆಂಟ್ ಹೀರಿಕೊಳ್ಳುತ್ತವೆ ಅನ್ನುವುದು ಕಂಪನಿಯ ಮಾತು. ಶೇಕಡಾವಾರು ಏನೇ ಇರಲಿ, ಇದು ನಿಜವಾಗಿ ಹೊಸ ಭಾಗ, ಬಣ್ಣದ ಆಟವಲ್ಲ. ಹಳೇ ಎಲ್‌ಎಸ್50ಯಲ್ಲಿ ಹೆಣ್ಣು ದನಿ ತಾರ ಸ್ಥಾಯಿಗೆ ಏರಿದಾಗ, ಸ್ಯಾಕ್ಸೊಫೋನ್ ಜೋರಾಗಿ ಊದಿದಾಗ ಒಂದು ತೆಳುವಾದ ಚುಚ್ಚು ಇರುತ್ತಿತ್ತು. ಕದ್ರಿ ಗೋಪಾಲನಾಥರ ರೆಕಾರ್ಡಿಂಗ್ ಹಾಕಿದರೆ ತಕ್ಷಣ ಗೊತ್ತಾಗುತ್ತದೆ. ಮೆಟಾದಲ್ಲಿ ಅದು ಬಹುಮಟ್ಟಿಗೆ ಹೋಗಿದೆ.

ಆದರೆ ಬೇಸ್ ನೋಡಿ. ಹಳೆಯದೂ 79 ಹರ್ಟ್ಸ್, ಹೊಸದೂ 79. ಅಷ್ಟೇ ಪವರಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಲೆಕ್ಕದಲ್ಲೂ ಹಳೆಯದು 85 ಡೆಸಿಬೆಲ್, ಹೊಸದೂ 85. ಹಾಗಾಗಿ ಹಳೇ ಎಲ್‌ಎಸ್50 ಇಟ್ಟುಕೊಂಡು ‘ತಬಲಾ ತೆಳು ಕೇಳುತ್ತದೆ’ ಅಂತ ಗೊಣಗುವವರು ಮೆಟಾ ತಗೊಂಡರೆ ಸುಮ್ನೆ ದುಡ್ಡು ದಂಡ. ‘ಕಿವಿಗೆ ಚುಚ್ಚುತ್ತದೆ’ ಅನ್ನುವವರು ತಗೊಳ್ಳಬಹುದು. ಅವರೂ ಮೊದಲು ಸ್ಪೀಕರನ್ನು ನೇರ ಕಿವಿಗೆ ತಿರುಗಿಸುವ ಬದಲು ಸ್ವಲ್ಪ ಹೊರಕ್ಕೆ ತಿರುಗಿಸಿ, ಎದುರಿನ ಟೈಲ್ಸ್ ಮೇಲೆ ಒಂದು ದಪ್ಪ ಜಮಖಾನ ಹಾಸಿ ಕೇಳಿ ನೋಡಲಿ.

79 ಹರ್ಟ್ಸ್ ಅಂದರೆ ನಮ್ಮ ಸಂಗೀತದಲ್ಲಿ ಎಲ್ಲಿಗೆ ಬರುತ್ತದೆ? ಹಾರ್ಮೋನಿಯಂನ ಕಪ್ಪು ಒಂದನ್ನು ಷಡ್ಜ ಮಾಡಿಕೊಂಡು ಹಾಡುವ ಗಂಡು ಗಾಯಕರ ತಂಬೂರಿಯಲ್ಲಿ ಖರ್ಜದ (ಎಲ್ಲಕ್ಕಿಂತ ತಗ್ಗಿನ ಷಡ್ಜದ) ತಂತಿ 69 ಹರ್ಟ್ಸ್ ಹತ್ತಿರ. ಅಂದರೆ ಮೂಲ ಸ್ವರ ಎಲ್‌ಎಸ್50ಯ ಗೆರೆಗಿಂತ ಕೆಳಗೆ. ಆದರೂ ತಂಬೂರಿ ತಂಬೂರಿಯಂತೆಯೇ ಕೇಳುತ್ತದೆ, ಯಾಕೆಂದರೆ ಜವಾರಿ, ಅಂದರೆ ತಂಬೂರಿಯ ಝೇಂಕಾರ, ಎಲ್ಲಾ ಮೇಲಿನ ಅನುಸ್ವರಗಳಲ್ಲಿದೆ, ಅವುಗಳಿಂದಲೇ ಕಿವಿ ಕೆಳಗಿನದನ್ನು ಕಟ್ಟಿಕೊಳ್ಳುತ್ತದೆ. ಮಲ್ಲಿಕಾರ್ಜುನ ಮನ್ಸೂರರ ದನಿ, ದೊರೆಸ್ವಾಮಿ ಅಯ್ಯಂಗಾರರ ವೀಣೆ, ಇವಕ್ಕೆ ಎಲ್‌ಎಸ್50 ಮೆಟಾ ಸಾಕೋ ಸಾಕು. ಸಾಲದಾಗುವುದು ಯಕ್ಷಗಾನದ ಚಂಡೆಗೆ. ಭಾಗವತರ ದನಿ ಹಿತವಾಗಿರುವಷ್ಟು ವಾಲ್ಯೂಮ್ ಇಟ್ಟಿರುತ್ತೀರಿ, ಚಂಡೆ ಬಿತ್ತು ಅಂದರೆ ಆ ಐದೂಕಾಲು ಇಂಚಿನ ಕೋನ್ (ಹಿಂದೆ ಮುಂದೆ ಅಲುಗಾಡಿ ಶಬ್ದ ಮಾಡುವ ತಟ್ಟೆ) ಎಷ್ಟು ಅಂತ ಒದ್ದಾಡೀತು? ಪೆಟ್ಟಿನ ಮೊನೆ ಮೊಂಡಾಗುತ್ತದೆ.

ಅಲ್ಲಿಗೆ ಬರುವುದು ಆರ್3 ಮೆಟಾ. ಆರ್3 ಬಂದದ್ದು 2018ರಲ್ಲಿ, ಮೆಟಾ 2023ರಲ್ಲಿ. ಇದರ ಅಸಲಿ ವಿಷಯ ಮೆಟಾ ಅಲ್ಲ, ಮೂರನೇ ಡ್ರೈವರ್. ಕೆಫ್‌ನ ಯೂನಿ-ಕ್ಯೂ ಡ್ರೈವರಿನಲ್ಲಿ ಟ್ವೀಟರ್ ಕೋನಿನ ನಟ್ಟ ನಡುವೆ ಕೂತಿರುತ್ತದೆ. ಹಾಗೆ ಕೂತಾಗ ಸುತ್ತಲಿನ ಕೋನೇ ಟ್ವೀಟರಿಗೆ ಕಹಳೆಯ ಬಾಯಿ. ಎಲ್‌ಎಸ್50ಯಲ್ಲಿ ಬೇಸಿಗಾಗಿ ಆ ಕೋನ್ ಹಿಂದೆ ಮುಂದೆ ಓಡಾಡಿದರೆ ಟ್ವೀಟರಿನ ಬಾಯಿಯೇ ಅಲುಗಾಡಿದ ಹಾಗೆ. ಮೆಲ್ಲಗೆ ಕೇಳುವಾಗ ಗೊತ್ತಾಗುವುದಿಲ್ಲ, ಜೋರು ಮಾಡಿದಾಗ ಮಧ್ಯದ ಸ್ವರಗಳು ಮಸುಕಾಗುತ್ತವೆ. ಆರ್3ಯಲ್ಲಿ ಬೇಸಿಗೆ ಬೇರೆಯೇ ಆರೂವರೆ ಇಂಚಿನ ಡ್ರೈವರ್ ಇದೆ. ಯೂನಿ-ಕ್ಯೂ ಹೆಚ್ಚುಕಮ್ಮಿ ನಿಂತಲ್ಲೇ ನಿಂತು ಹಾಡುತ್ತದೆ. ಎಲ್‌ಎಸ್50 ಮೆಟಾ ಬಂದಾಗ ಅಮೆರಿಕದಲ್ಲಿ ಸುಮಾರು 1,500 ಡಾಲರ್, ಆರ್3 ಮೆಟಾ ಬಂದಾಗ ಸುಮಾರು 2,200. ಆ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಜಿಗಿತ ಈ ಇಡೀ ಲೇಖನದಲ್ಲಿ ಬೇರೆ ಎಲ್ಲೂ ಇಲ್ಲ. ಹಾಲಿನಲ್ಲಿ ಇಡುವವರು ಕಣ್ಣು ಮುಚ್ಚಿ ಇದನ್ನು ನೋಡಿ. ಹಳೇ ಆರ್3 ಈಗಾಗಲೇ ಇದ್ದವರು ಸುಮ್ಮನಿರಿ. ಹೊಸದಾಗಿ ಕೊಳ್ಳುವವರಿಗೆ ಸೆಕೆಂಡ್ ಹ್ಯಾಂಡ್ ಆರ್3 ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದೂ ಲಾಭದ ವ್ಯಾಪಾರವೇ.

ಒಂದು ಮಾತು, ಆರ್3ಯ ಪೋರ್ಟ್ (ಡಬ್ಬದಿಂದ ಬೇಸ್ ಹೊರಬರುವ ತೂತು) ಹಿಂದೆ ಇದೆ. ಗೋಡೆಗೆ ಒತ್ತಿ ಇಟ್ಟರೆ ಕೆಡುತ್ತದೆ. ಜೊತೆಗೆ ಕೊಡುವ ಸ್ಪಂಜಿನ ಬಿರಡೆ ಎರಡು ಭಾಗದಲ್ಲಿರುತ್ತದೆ. ಉಂಗುರ ಮಾತ್ರ ಹಾಕಿದರೆ ಬೇಸ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಮುಚ್ಚಿದರೆ ಚೆನ್ನಾಗಿ ಇಳಿಯುತ್ತದೆ. ಡಬ್ಬದಲ್ಲೇ ಬಿಟ್ಟು ಮರೆಯಬೇಡಿ.

ಹಾರ್ಬೆತ್ ಕಾಂಪ್ಯಾಕ್ಟ್ 7ಇಎಸ್-3 ಎಕ್ಸ್‌ಡಿ

ಬಿಬಿಸಿಯ ಸಂಶೋಧನಾ ವಿಭಾಗದಲ್ಲಿದ್ದ ಡಡ್ಲಿ ಹಾರ್ವುಡ್ 1977ರಲ್ಲಿ ಶುರು ಮಾಡಿದ ಕಂಪನಿ. ಬೇರೆಯವರೆಲ್ಲ ಡಬ್ಬ ಕಲ್ಲಿನಷ್ಟು ಗಟ್ಟಿ ಇರಬೇಕು ಅನ್ನುವಾಗ ಇವರು ಬಿಬಿಸಿಯ ಹಳೇ ದಾರಿ ಹಿಡಿದು ತೆಳು ಹಲಗೆಯ ಡಬ್ಬ ಮಾಡುತ್ತಾರೆ. ಹಿಂದಿನ ಮುಂದಿನ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಹಲಗೆ ಅಲುಗುತ್ತದೆ, ಆದರೆ ಕಿವಿ ಸೂಕ್ಷ್ಮವಾಗಿರುವ ಮನುಷ್ಯ ದನಿಯ ಜಾಗದಲ್ಲಿ ಅಲ್ಲ, ಅದಕ್ಕಿಂತ ಕೆಳಗೆ. ಗೆಣ್ಣಿನಿಂದ ಪಕ್ಕದ ಹಲಗೆ ತಟ್ಟಿ ನೋಡಿ, ಮಂದವಾಗಿ ದುಂ ಅನ್ನುತ್ತದೆ. 805ರ ಪಕ್ಕ ತಟ್ಟಿದರೆ ಗೆಣ್ಣೇ ನೋಯುತ್ತದೆ.

ಎಕ್ಸ್‌ಡಿ ಅನ್ನುವ ಅಪ್‌ಗ್ರೇಡ್ ಮುಖ್ಯವಾಗಿ ಕ್ರಾಸ್‌ಓವರಿನದು. ಅಂದರೆ ಸ್ವರಗಳನ್ನು ಆಯಾ ಡ್ರೈವರಿಗೆ ಹಂಚುವ ಒಳಗಿನ ಸರ್ಕ್ಯೂಟಿನದು. ಡ್ರೈವರ್, ಡಬ್ಬ ಅವೇ. ಹಳೇ 7ಇಎಸ್-3 ಮನೆಯಲ್ಲಿದ್ದರೆ ಅದನ್ನು ಮಾರಿ ಎಕ್ಸ್‌ಡಿ ತರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಇದು ಮೊದಲ ಸಲ ಹಾರ್ಬೆತ್ ಕೊಳ್ಳುವವರಿಗೆ.

ಯಾರು ಕೊಳ್ಳಬೇಕು? ಹಾಡುಗಾರಿಕೆಯೇ ಪ್ರಾಣ ಅನ್ನುವವರು. ಭಾವಗೀತೆ, ಖ್ಯಾಲ್, ವಚನ, ದಾಸರ ಪದ. ಗಂಗೂಬಾಯಿ ಹಾನಗಲ್ಲರ ಆ ಗಡಸು ದನಿ ಎದೆಯಿಂದ ಬಂದ ಹಾಗೆ ಕೇಳಿಸುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ಇನ್ನೊಂದು ದೊಡ್ಡ ಗುಣ, ಹಳೇ ರೆಕಾರ್ಡಿಂಗ್‌ಗಳ ಮೇಲೆ ಕರುಣೆ ಇದೆ. ನಮ್ಮ ಸಂಗ್ರಹದಲ್ಲಿ ಅರ್ಧ ಭಾಗ ಆಕಾಶವಾಣಿಯ ಟೇಪಿನಿಂದ ಬಂದದ್ದು, 78 ಆರ್‌ಪಿಎಂ ತಟ್ಟೆಯಿಂದ ತೆಗೆದದ್ದು, ಯಾರೋ ಕಚೇರಿಯಲ್ಲಿ ಕೂತು ಕ್ಯಾಸೆಟ್ಟಿಗೆ ಹಿಡಿದದ್ದು. ಅವುಗಳಲ್ಲಿ ತೀರಾ ಕೆಳಗೂ ಏನಿಲ್ಲ, ತೀರಾ ಮೇಲೂ ಏನಿಲ್ಲ, ಇರುವುದೆಲ್ಲ ನಡುವೆ. ಆ ನಡುವನ್ನು ಚೆನ್ನಾಗಿ ಹೇಳುವ ಸ್ಪೀಕರಿಗೆ ದುಡ್ಡು ಕೊಡುವುದು ಜಾಣತನ.

ಕಷ್ಟ ಏನೆಂದರೆ ಗಾತ್ರ. 52 ಸೆಂಟಿಮೀಟರ್ ಎತ್ತರ, 27 ಅಗಲ. ಚಿಕ್ಕ ರೂಮಿನಲ್ಲಿ ಎರಡು ಪೆಟ್ಟಿಗೆ ತಂದಿಟ್ಟ ಹಾಗಿರುತ್ತದೆ. ಮನೆಯವರ ಒಪ್ಪಿಗೆ ಮೊದಲೇ ತಗೊಳ್ಳಿ. 10x12ರ ರೂಮಿಗಾದರೆ ಅದೇ ಮನೆತನದ ಪಿ3ಇಎಸ್‌ಆರ್ ಎಕ್ಸ್‌ಡಿ ಇದೆ, ಪೋರ್ಟೇ ಇಲ್ಲದ ಮುಚ್ಚಿದ ಡಬ್ಬ, 75 ಹರ್ಟ್ಸ್‌ವರೆಗೆ ಇಳಿಯುತ್ತದೆ. ಮುಚ್ಚಿದ ಡಬ್ಬದ ಬೇಸ್ ನಿಧಾನಕ್ಕೆ ಇಳಿಯುವುದರಿಂದ ಗೋಡೆಯ ಹತ್ತಿರ ಇಟ್ಟರೂ ತಾಳಿಕೊಳ್ಳುತ್ತದೆ. ಆದರೆ ಜೋರಾಗಿ ಹಾಡಿಸುವ ಆಸೆ ಇದ್ದವರು ಅದರ ಹತ್ತಿರ ಹೋಗಬೇಡಿ.

ಬವರ್ಸ್ ಅಂಡ್ ವಿಲ್ಕಿನ್ಸ್: 805 ಡಿ4, ಅದರ ಸಿಗ್ನೇಚರ್

ಜಾನ್ ಬವರ್ಸ್ 1966ರಲ್ಲಿ ಇಂಗ್ಲೆಂಡಿನ ವರ್ದಿಂಗ್‌ನಲ್ಲಿ ಶುರು ಮಾಡಿದ ಕಂಪನಿ. 805 ಡಿ4 ಬಂದದ್ದು 2021ರಲ್ಲಿ, ಆಗ ಅಮೆರಿಕದಲ್ಲಿ 8,000 ಡಾಲರ್. ತಲೆಯ ಮೇಲೆ ಅಲ್ಯೂಮಿನಿಯಂ ಕೊಳವೆ, ಅದರ ತುದಿಯಲ್ಲಿ ಕೃತಕವಾಗಿ ಬೆಳೆಸಿದ ವಜ್ರದ ಗುಮ್ಮಟ. ಕೆಳಗೆ ಕಾಂಟಿನ್ಯುಯಂ ಅನ್ನುವ ಬೆಳ್ಳಿ ಬಣ್ಣದ ನೇಯ್ಗೆಯ ಕೋನ್. ಹಿಂದಿನ ಡಿ3ಗೆ ಹೋಲಿಸಿದರೆ ಡಿ4ನಲ್ಲಿ ಡಬ್ಬವೇ ಬದಲಾಗಿದೆ. ಮುಂಭಾಗ ಬಾಗಿದೆ, ಹಿಂದೆ ಅಲ್ಯೂಮಿನಿಯಂ ಬೆನ್ನೆಲುಬು, ಮೇಲೆ ಅಲ್ಯೂಮಿನಿಯಂ ತಟ್ಟೆ, ಟ್ವೀಟರಿನ ಕೊಳವೆಯೂ ಉದ್ದವಾಗಿದೆ. ಇದು ಸುಳ್ಳು ಅಪ್‌ಗ್ರೇಡ್ ಅಲ್ಲ. ಡಿ3 ಇದ್ದವರಿಗೆ ವ್ಯತ್ಯಾಸ ಕೇಳಿಸುತ್ತದೆ.

ಸಿಗ್ನೇಚರ್ 2023ರಲ್ಲಿ ಬಂತು. ಟ್ವೀಟರ್ ಮುಂದಿನ ಜಾಲರಿ ಇನ್ನಷ್ಟು ತೆರೆದಿದೆ, ಕ್ರಾಸ್‌ಓವರಿಗೆ ಮೇಲ್ದರ್ಜೆಯ ಕೆಪಾಸಿಟರ್ ಹಾಕಿದ್ದಾರೆ, ಕಡುನೀಲಿ ಲೋಹದ ಬಣ್ಣ ಅಥವಾ ಕ್ಯಾಲಿಫೋರ್ನಿಯಾ ಬರ್ಲ್ ಅನ್ನುವ ಮರದ ಹೊಳಪು. ನೋಡಲು ಭರ್ಜರಿ, ಸುಳ್ಳು ಹೇಳುವುದಿಲ್ಲ. ಆದರೆ ಸಾದಾ ಡಿ4ಗಿಂತ ಕೊಡಬೇಕಾದ ಹೆಚ್ಚುವರಿ ದುಡ್ಡಿನಲ್ಲಿ ಒಂದು ಒಳ್ಳೆಯ ಆಂಪ್ಲಿಫೈಯರ್ ಬರುತ್ತದೆ. ಆಂಪ್ಲಿಫೈಯರೂ ಇದೆ, ಹಾಲೂ ಇದೆ, ದುಡ್ಡೂ ಇದೆ ಅನ್ನುವವರು ಸಂತೋಷವಾಗಿ ತಗೊಳ್ಳಿ, ನಾನು ಯಾರು ಬೇಡ ಅನ್ನಲು?

805ನ್ನು ಕೊಳ್ಳುವ ಮುಂಚೆ ನಿಮ್ಮ ಸಂಗ್ರಹ ನೋಡಿಕೊಳ್ಳಿ. ಚೆನ್ನಾಗಿ ರೆಕಾರ್ಡ್ ಮಾಡಿದ್ದನ್ನು ಇದು ಬಿಚ್ಚಿ ತೋರಿಸುತ್ತದೆ. ವೀಣೆಯ ಮೆಟ್ಟಿಲ ಮೇಲೆ ಬೆರಳು ಜಾರುವ ಸದ್ದು, ಕೊಳಲಿಗೆ ತುಟಿ ಇಡುವ ಮುಂಚಿನ ಉಸಿರು, ತಬಲಾದ ಕಿನಾರಿನ ಮೇಲೆ ಬಿದ್ದ ಬೆರಳಿನ ಟಿಣ್, ಎಲ್ಲಾ ಅದರದರ ಜಾಗದಲ್ಲಿ. ಅದೇ ಹಳೇ ಕ್ಯಾಸೆಟ್ ಹಾಕಿ, ಟೇಪಿನ ಸುಯ್ಯನ್ನೂ ಅಷ್ಟೇ ಶ್ರದ್ಧೆಯಿಂದ ತೋರಿಸುತ್ತದೆ. ನೀವು ಹೆಚ್ಚಾಗಿ ಕೇಳುವುದು ಯೂಟ್ಯೂಬಿನಲ್ಲಿ ಯಾರೋ ಹಾಕಿದ ಹಳೇ ಹಾಡುಗಳಾದರೆ ವಜ್ರದ ಟ್ವೀಟರ್ ನಿಮಗೆ ಬೇಡ. ಇದನ್ನು ಅಂಗಡಿಯವರು ಹೇಳುವುದಿಲ್ಲ. ಅವರು ಹಾಕುವುದು ಅವರದೇ ನಾಲ್ಕು ಹಾಡು, ಗಿಟಾರ್, ಒಂದು ಹೆಣ್ಣು ದನಿ, ಜಗತ್ತಿನ ಯಾವ ಸ್ಪೀಕರಿನಲ್ಲೂ ಚೆನ್ನಾಗಿ ಕೇಳುವಂಥವು.

ಡೈನಾಡಿಯೊ ಕಾಂಟೂರ್ 20ಐ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಡೆನ್ಮಾರ್ಕಿನ ಸ್ಕಾಂಡರ್‌ಬೋರ್ಗ್‌ನದು. 2020ರಲ್ಲಿ 20ಕ್ಕೆ ಐ ಸೇರಿಸಿ, ಟ್ವೀಟರಿನ ರೇಷ್ಮೆ ಗುಮ್ಮಟದ ಒಳಗೆ ಕುಳಿಗಳಿರುವ ಇನ್ನೊಂದು ಪುಟ್ಟ ಗುಮ್ಮಟ ಕೂರಿಸಿದರು, ಕ್ರಾಸ್‌ಓವರ್ ತಿದ್ದಿದರು. ದನಿ ಮೃದು, ಬೇಸ್ ಧಾರಾಳ. ಆದರೆ 4 ಓಮ್ ಲೋಡು (ಓಮ್ ಕಡಿಮೆ ಇದ್ದಷ್ಟು ಆಂಪ್ಲಿಫೈಯರಿಗೆ ಭಾರ), 86 ಡೆಸಿಬೆಲ್, 39 ಹರ್ಟ್ಸ್. ದೊಡ್ಡ ಹಾಲು, ಗಟ್ಟಿ ಆಂಪ್ಲಿಫೈಯರ್ ಎರಡೂ ಇದ್ದು, 805ರ ಚುರುಕು ಜಾಸ್ತಿ ಅನ್ನಿಸಿದವರಿಗೆ ಮಾತ್ರ.

ನೆಲದ ಮೇಲೆ ಕೂತು ಕೇಳುವವರಿಗೆ

ಹೊರದೇಶದ ಗೈಡುಗಳಲ್ಲಿ ಈ ವಿಷಯ ಇರುವುದಿಲ್ಲ. ಸೋಫಾದಲ್ಲಿ ಕೂತವರ ಕಿವಿ ನೆಲದಿಂದ 95 ಸೆಂಟಿಮೀಟರ್ ಹತ್ತಿರ ಇರುತ್ತದೆ. ಚಾಪೆ ಹಾಸಿ ಚಕ್ಕಳಮಕ್ಕಳ ಹಾಕಿ ಕೂತರೆ ಸುಮಾರು 75. 60 ಸೆಂಟಿಮೀಟರಿನ ಮಾಮೂಲಿ ಸ್ಟ್ಯಾಂಡಿನ ಮೇಲೆ 805 ಇಟ್ಟರೆ ಟ್ವೀಟರ್ ಒಂದು ಮೀಟರಿಗಿಂತ ಮೇಲೆ ಹೋಗುತ್ತದೆ. ಟ್ವೀಟರ್ ಒಂದು ಕಡೆ, ಕೋನ್ ಒಂದು ಕಡೆ ಇರುವ ಯಾವ ಸ್ಪೀಕರಿನಲ್ಲೂ ಕಿವಿ ತೀರಾ ಕೆಳಗಿದ್ದರೆ ಎರಡರ ಶಬ್ದ ಒಂದೇ ಹೊತ್ತಿಗೆ ಬಂದು ಸೇರುವುದಿಲ್ಲ. ಎರಡೂ ಸಂಧಿಸುವ ಸ್ವರಗಳಲ್ಲಿ ಒಂದು ಹಳ್ಳ ಬೀಳುತ್ತದೆ, ಅದೂ ಚಿಕ್ಕ ರೂಮಿನಲ್ಲಿ ಹತ್ತಿರ ಕೂತಾಗ ಇನ್ನೂ ಜಾಸ್ತಿ. ಯೂನಿ-ಕ್ಯೂನಲ್ಲಿ ಎರಡೂ ಒಂದೇ ಬಿಂದುವಿನಿಂದ ಬರುವುದರಿಂದ ಈ ತೊಂದರೆ ತುಂಬಾ ಕಡಿಮೆ. ಚಾಪೆಯ ಮೇಲೆ ಕೂತು ಕೇಳುವ ಮನೆಗೆ, ಮಕ್ಕಳು ನೆಲದ ಮೇಲೆ, ಅಜ್ಜ ಕುರ್ಚಿಯ ಮೇಲೆ ಕೂರುವ ಮನೆಗೆ, ಕೆಫ್ ಕಡೆ ನನ್ನ ಒಲವು ಇರುವುದಕ್ಕೆ ಇದೇ ದೊಡ್ಡ ಕಾರಣ. ಬೇರೆಯದೇ ಬೇಕಾದರೆ ಸ್ಟ್ಯಾಂಡ್ ಗಿಡ್ಡ ಮಾಡಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪ್ ಕೊಟ್ಟು ಮಾಡಿಸಿದ ಸ್ಟ್ಯಾಂಡ್ ಕೂಡ ಗಟ್ಟಿಯಾಗಿದ್ದರೆ ಸಾಕು.

ಪೈಪಿನೊಳಗೆ ಮರಳು ತುಂಬುವುದು ಒಳ್ಳೆಯ ಉಪಾಯ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಇಳಿಸಿ. ಹಸಿ ಮರಳು ಸುರಿದರೆ ಒಳಗಿಂದ ತುಕ್ಕು ಹಿಡಿಯುತ್ತದೆ. ಸ್ಟ್ಯಾಂಡಿನ ಕೆಳಗೆ ಸ್ಪೈಕ್ (ಮೊಳೆಯಂಥ ಚೂಪು ಕಾಲು) ಇದ್ದರೆ ಗ್ರಾನೈಟ್ ಮೇಲೆ ನೇರ ಊರಬೇಡಿ, ಕೆಳಗೆ ಒಂದೊಂದು ನಾಣ್ಯ ಇಡಿ.

ಗೋಡೆಯಿಂದ ದೂರಕ್ಕೂ ಒಂದು ಲೆಕ್ಕವಿದೆ. ಸ್ಪೀಕರ್ ಮುಂಭಾಗದಿಂದ ಹಿಂದಿನ ಗೋಡೆಗೆ 1 ಮೀಟರ್ ಇದ್ದರೆ ಗೋಡೆಯಿಂದ ವಾಪಸ್ ಬಂದ ಶಬ್ದ 86 ಹರ್ಟ್ಸ್ ಸುತ್ತಮುತ್ತ ಮೂಲ ಶಬ್ದವನ್ನು ಅಳಿಸುತ್ತದೆ, 60 ಸೆಂಟಿಮೀಟರ್ ಇದ್ದರೆ 143ರ ಸುತ್ತ. ಡಗ್ಗದ ಗುಮುಕು ಸಪ್ಪೆ ಅನ್ನಿಸಿದರೆ ಸ್ಪೀಕರ್ ಬದಲಾಯಿಸುವ ಮುಂಚೆ ಹತ್ತು ಸೆಂಟಿಮೀಟರ್ ಹಿಂದೆ ಮುಂದೆ ಸರಿಸಿ ಕೇಳಿ. ಸರಿಸುವುದಕ್ಕೆ ಕಾಸು ಕೊಡಬೇಕಿಲ್ಲ.

ಆಂಪ್ಲಿಫೈಯರ್, ಸಬ್‌ವೂಫರ್

ಎಲ್‌ಎಸ್50 ಮೆಟಾ 85 ಡೆಸಿಬೆಲ್, ಆರ್3 ಮೆಟಾ 87, 805 ಡಿ4 88. ಮೂರು ಡೆಸಿಬೆಲ್ ವ್ಯತ್ಯಾಸ ಅಂದರೆ ಅದೇ ಜೋರಿಗೆ ಎರಡು ಪಟ್ಟು ವ್ಯಾಟ್. ಚಿಕ್ಕ ಸ್ಪೀಕರಿಗೆ ಚಿಕ್ಕ ಆಂಪ್ಲಿಫೈಯರ್ ಸಾಕು ಅನ್ನುವ ನಂಬಿಕೆ ಇಲ್ಲಿ ತಲೆಕೆಳಗು. ಎಲ್‌ಎಸ್50 ಮೆಟಾ 8 ಓಮ್ ಅಂತ ಬರೆದಿದ್ದರೂ ಕೆಲವು ಕಡೆ 3.5 ಓಮ್‌ಗೆ ಇಳಿಯುತ್ತದೆ. ಕಂಪನಿಯೇ 40ರಿಂದ 100 ವ್ಯಾಟ್ ಇರಲಿ ಅನ್ನುತ್ತದೆ. 10 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರು ಇದರ ಆಸೆ ಬಿಡಿ. ಹಾರ್ಬೆತ್ 6 ಓಮಿನದು, ಆಂಪ್ಲಿಫೈಯರನ್ನು ಅಷ್ಟು ಸತಾಯಿಸುವುದಿಲ್ಲ.

ಚಿಕ್ಕ ರೂಮು, ಆದರೂ ಚಂಡೆ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಎಲ್‌ಎಸ್50 ಮೆಟಾ ಜೊತೆ ಒಂದು ಮುಚ್ಚಿದ ಡಬ್ಬದ ಸಬ್‌ವೂಫರ್. ಅಂದರೆ ಬೇಸಿಗೆಂದೇ ಇರುವ ಬೇರೆ ಸ್ಪೀಕರ್. ಇದರ ಲಾಭ ಆಳದ ಬೇಸ್ ಒಂದೇ ಅಲ್ಲ. 80 ಹರ್ಟ್ಸಿನ ಕೆಳಗಿನದನ್ನು ಸ್ಪೀಕರಿಗೆ ಹೋಗದಂತೆ ತಡೆಯುವ ಸೌಕರ್ಯ ನಿಮ್ಮ ಆಂಪ್ಲಿಫೈಯರಿನಲ್ಲಿದ್ದರೆ ಆ ಪುಟ್ಟ ಕೋನಿಗೆ ಓಡಾಟ ತಪ್ಪುತ್ತದೆ, ಜೋರಾಗಿ ಹಾಡಿದರೂ ದನಿ ತಿಳಿಯಾಗಿ ಉಳಿಯುತ್ತದೆ. ಮೇಲಾಗಿ ಸಬ್‌ವೂಫರಿಗೆ ಒಂದು ನಾಬ್ ಇರುತ್ತದೆ. 56 ಹರ್ಟ್ಸ್ ಊದಿಕೊಂಡರೆ ತಿರುಗಿಸಿ ತಗ್ಗಿಸಬಹುದು, ಬೇಕಾದ ಮೂಲೆಗೆ ಸರಿಸಬಹುದು. 805ರ ಬೇಸಿಗೆ ಆ ನಾಬ್ ಇಲ್ಲ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯವರ ಹತ್ತಿರ ಮೊದಲೇ ಸ್ನೇಹ ಮಾಡಿಕೊಳ್ಳಿ.

ಕೆಲವರು ಹಳೇ ಸ್ಪೀಕರ್ ಬಿಚ್ಚಿ ತಾವೇ ದುಬಾರಿ ಕೆಪಾಸಿಟರ್ ಹಾಕಿಸಿಕೊಳ್ಳುತ್ತಾರೆ, ಅದನ್ನೂ ಅಪ್‌ಗ್ರೇಡ್ ಅನ್ನುತ್ತಾರೆ. ಕ್ರಾಸ್‌ಓವರಿನ ಒಂದೊಂದು ಭಾಗದ ಬೆಲೆಯನ್ನೂ ಆ ಡ್ರೈವರಿಗೆ, ಆ ಡಬ್ಬಕ್ಕೆ ಹೊಂದಿಸಿ ಇಟ್ಟಿರುತ್ತಾರೆ. ಒಂದನ್ನು ಬದಲಿಸಿದರೆ ದನಿ ಬದಲಾಗುತ್ತದೆ, ಉತ್ತಮವಾಗುತ್ತದೆ ಅಂತೇನಿಲ್ಲ. ವಾರಂಟಿಯೂ ಹೋಯಿತು, ಮಾರುವಾಗ ಬೆಲೆಯೂ ಹೋಯಿತು.

ಕೊಳ್ಳುವಾಗ

ಅಂಗಡಿಗೆ ಹೋಗುವಾಗ ನಿಮ್ಮ ಹಾಡುಗಳನ್ನೇ ತಗೊಂಡು ಹೋಗಿ. ಒಂದು ಗಂಡು ದನಿ, ಒಂದು ಹೆಣ್ಣು ದನಿ, ಒಂದು ಚರ್ಮವಾದ್ಯ, ಒಂದು ಊದುವ ವಾದ್ಯ, ಮತ್ತೆ ರೆಕಾರ್ಡಿಂಗ್ ಕೆಟ್ಟದಾಗಿದ್ದರೂ ನಿಮಗೆ ಪ್ರಾಣವಾಗಿರುವ ಒಂದು. ಕೊನೆಯದೇ ಮುಖ್ಯ. ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ನಾಬ್ ಒಂದೇ ಕಡೆ ಇದ್ದರೆ ಸಾಲದು, ಕಿವಿಗೆ ಎರಡೂ ಒಂದೇ ಜೋರಿರಬೇಕು. 88 ಡೆಸಿಬೆಲಿನದು 85ರದಕ್ಕಿಂತ ಸುಮ್ಮನೆ ಜೋರಾಗಿ ಹಾಡಿ ನಿಮ್ಮನ್ನು ಮರುಳು ಮಾಡಿಬಿಡುತ್ತದೆ. ಫೋನಿನಲ್ಲಿ ಡೆಸಿಬೆಲ್ ತೋರಿಸುವ ಆಪ್ ಹಾಕಿಕೊಂಡರೆ ಈ ಕೆಲಸಕ್ಕೆ ಸಾಕು. ಸಾಧ್ಯವಾದರೆ ಒಂದು ವಾರದ ಮಟ್ಟಿಗೆ ಮನೆಗೆ ಕೊಡಿ ಅಂತ ಕೇಳಿ. 805ರಂಥದ್ದಕ್ಕೆ ಅಷ್ಟು ದುಡ್ಡು ಸುರಿಯುವವರು ಕೇಳುವುದರಲ್ಲಿ ಸಂಕೋಚ ಏಕೆ? ಅಂಗಡಿಯ ಡೆಮೊ ರೂಮಿನ ಗೋಡೆಗೆ ಮೆತ್ತೆ ಹೊಡೆದಿರುತ್ತಾರೆ, ನಿಮ್ಮ ಮನೆಗೆ ಇರುವುದಿಲ್ಲ.

ಹೊರದೇಶದಿಂದ ಬರುವ ನೆಂಟರ ಕೈಯಲ್ಲಿ ತರಿಸುವ ಯೋಚನೆ ಇದ್ದರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಅಲ್ಲಿ ಕೊಂಡದ್ದರ ವಾರಂಟಿ ಇಲ್ಲಿ ನಡೆಯುತ್ತದೆಯೇ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ, ಎಷ್ಟೋ ಸಲ ನಡೆಯುವುದಿಲ್ಲ. ಒಂದು ಟ್ವೀಟರ್ ಹೋದರೆ ಭಾಗ ತರಿಸುವುದೇ ತಿಂಗಳುಗಳ ಕೆಲಸ. ವಜ್ರದ ಗುಮ್ಮಟ ಗಟ್ಟಿ ಹೌದು, ಆದರೆ ಗಾಜಿನಂತೆ ಪೆಡಸು, ಒತ್ತಿದರೆ ಚೂರು. ಅದಕ್ಕೇ ಮುಂದೆ ಜಾಲರಿ ಹಾಕಿರುತ್ತಾರೆ. ಮಕ್ಕಳಿರುವ ಮನೆಯಲ್ಲಿ ಆ ಜಾಲರಿ ತೆಗೆಯಲು ಹೋಗಬೇಡಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಕೋನಿನ ಸುತ್ತಲಿನ ರಬ್ಬರ್ ಉಂಗುರವನ್ನು ಟಾರ್ಚ್ ಹಾಕಿ ನೋಡಿ. ತುಂಬಾ ಹಳೇ ಸ್ಪೀಕರ್‌ಗಳಲ್ಲಿ ಅದು ಸ್ಪಂಜಿನದಾಗಿರುತ್ತಿತ್ತು, ಮಂಗಳೂರು ಉಡುಪಿ ಕಡೆಯ ತೇವಕ್ಕೆ ಪುಡಿಯಾಗಿ ಉದುರುತ್ತದೆ. ಇಲ್ಲಿ ಹೇಳಿದವುಗಳಲ್ಲಿ ಆ ಭಯವಿಲ್ಲ. ನಿಜವಾದ ಮರದ ಪದರ ಇರುವ ಹಾರ್ಬೆತ್‌ನಂಥವುಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತೇ ಅಂತ ಅಂಚುಗಳಲ್ಲಿ ನೋಡಿ. ಮಾರುವವರ ಹತ್ತಿರ ಮೂಲ ಡಬ್ಬ, ಒಳಗಿನ ಥರ್ಮೋಕೋಲ್ ಎರಡೂ ಇದ್ದರೆ ಐದು ಸಾವಿರ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಸ್ಸಿನ ಡಿಕ್ಕಿಯಲ್ಲಿ ಬೆಡ್‌ಶೀಟ್ ಸುತ್ತಿಕೊಂಡು ಬಂದ 15 ಕಿಲೋ ಸ್ಪೀಕರಿನ ಮೂಲೆಗಳು ಹೇಗಿರುತ್ತವೆ ಅಂತ ನಾನು ಹೇಳಬೇಕಾಗಿಲ್ಲ.